ಹನ್ನೊಂದು ಮೆಟ್ಟಿಲು

ನನಗೆ ಧ್ಯಾನ ಹತ್ತಲಿಲ್ಲ. ಆ ಶ್ರಾವಣದಲ್ಲಿ ಮಕ್ತಲ್ ಮಠದ ಪಡಸಾಲೆಯಲ್ಲಿ ಕೂತ ಹತ್ತು ಹೆಂಗಸರಲ್ಲಿ ಒಂಬತ್ತು ಮಂದಿಗೆ ಏನೇನೋ ಕಂಡಿತು, ನನಗೊಬ್ಬಳಿಗೆ ಏನೂ ಕಾಣಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ್ದಕ್ಕೆ ಇದೇ ಕಾರಣ. ಹೆದರಿ ಮಾಡಿದೆ, ತಿಳಿಯದೆ ಮಾಡಿದೆ ಎಂದು ಹೇಳಿ ಬಚಾವಾಗುವವಳು ನಾನಲ್ಲ. ಹೊಟ್ಟೆಕಿಚ್ಚಿನಿಂದ ಮಾಡಿದೆ.

ಪೊಲೀಸ್ ಕಾರ್ಯಾಚರಣೆ ನಡೆದ ವರ್ಷ ಅದು. ಶ್ರಾವಣ ಹಿಡಿದಾಗ ರಾಜ್ಯ ಇನ್ನೂ ನಿಜಾಮನದೇ ಇತ್ತು. ಅವನ ಪರ ಬಂದೂಕು ಹಿಡಿದ ರಜಾಕಾರರು ಹಾಡಹಗಲೇ ಲಾರಿಯಲ್ಲಿ ಬಂದು ಬೇಕಾದವರನ್ನು ಎತ್ತಿಕೊಂಡು ಹೋಗುತ್ತಿದ್ದರು. ಗಂಡಸರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಹೆಂಗಸರಿಗೆ ಎದೆ ಹಗುರ ಮಾಡಿಕೊಳ್ಳಲು ಇದ್ದದ್ದು ಮಠ ಒಂದೇ. ಮಠದ ಅಯ್ಯನವರು ಕರಿಬಸಯ್ಯ. ಐವತ್ತರ ಆಸುಪಾಸು, ಇಂಪಾದ ದನಿ. ಆ ದನಿ ಇಂಪಾಗಿದೆ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಅವರು ಹೇಳಿಕೊಡುತ್ತಿದ್ದದ್ದು ಹೀಗೆ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಹಿಡಿದು, ರೆಪ್ಪೆ ಹೊಡೆಯದೆ ನೋಡಬೇಕು. ಲಿಂಗದ ಕಪ್ಪು ಮೈಮೇಲೆ ಹಣತೆಯ ಬೆಳಕು ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ಕಣ್ಣು ಉರಿದು ನೀರು ಬಂದಾಗ ಮುಚ್ಚಬೇಕು. ಆ ಚುಕ್ಕೆ ಹುಬ್ಬುಗಳ ನಡುವೆ ಉಳಿಯುತ್ತದೆ. ಅದನ್ನು ಹಿಡಿದುಕೊಂಡು ಅಯ್ಯನವರ ಮಾತಿನ ಹಿಂದೆ ನಡೆಯಬೇಕು. ಅವರು ನದಿ ಎಂದರೆ ನದಿ, ಗುಡ್ಡ ಎಂದರೆ ಗುಡ್ಡ. ದಾರಿ ಮುಗಿದ ಕಡೆ ಶಿವನಿದ್ದಾನೆ, ಮನಸ್ಸು ಶುದ್ಧವಿದ್ದವರಿಗೆ ಕಳೆದುಕೊಂಡವರ ಮುಖವೂ ಅಲ್ಲಿ ಕಾಣುತ್ತದೆ ಎಂದು ಹೇಳಿದ್ದರು.

ನಾನು ಹೋಗಿದ್ದು ಆ ಕೊನೆಯ ಮಾತಿಗೆ. ಎರಡು ಹೆತ್ತು ಎರಡನ್ನೂ ಮಣ್ಣಿಗೆ ಕೊಟ್ಟವಳು ನಾನು. ಶಿವ ಕಂಡರೆ ಒಳ್ಳೆಯದು, ಕಾಣದಿದ್ದರೂ ಬೇಸರವಿರಲಿಲ್ಲ. ಚಿಕ್ಕವನ ಮುಖ ನನಗೆ ಮರೆಯುತ್ತ ಬಂದಿತ್ತು, ಅದೊಂದು ಬೇಕಾಗಿತ್ತು.

ಅಯ್ಯನವರು ಮೊದಲು ನಮ್ಮನ್ನು ಕೈಲಾಸಕ್ಕೆ ಕರೆದೊಯ್ಯುತ್ತಿದ್ದರು. ಎಲ್ಲಿ ನೋಡಿದರೂ ಹಿಮ ಎನ್ನುತ್ತಿದ್ದರು. ಹಿಮ ಎಂದರೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುದುಕಿ ಆಶಮ್ಮ ಅದು ಅರಳೆ ಇದ್ದಂತೆಯೋ ಸುಣ್ಣ ಇದ್ದಂತೆಯೋ ಎಂದು ಕೇಳಿ ಬೈಸಿಕೊಂಡಳು. ಆದರೂ ಎಲ್ಲರೂ ಕಂಡೆವು ಕಂಡೆವು ಎನ್ನುತ್ತಿದ್ದರು. ನಾನು ನಿಜ ಹೇಳಿದೆ, ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ ಎಂದೆ. ಅಯ್ಯನವರು ನಕ್ಕರು.

"ವೀರಬಸಮ್ಮಾ, ನಿನ್ನ ಕಣ್ಣಾಗ ಇನ್ನಾ ಸಂತಿ ನಡದೈತಿ. ಸಂತಿ ಕರಗೋತನ ಶಿವ ಬರಂಗಿಲ್ಲ ತಾಯಿ."

ಎಲ್ಲರೂ ನಕ್ಕರು. ಮಹಾಂತಮ್ಮನೂ ನಕ್ಕಳು. ಉಳಿದವರ ನಗು ಮನೆ ಮುಟ್ಟುವಷ್ಟರಲ್ಲಿ ಮರೆತೆ, ಅವಳದು ಮರೆಯಲಿಲ್ಲ.

ಮಹಾಂತಮ್ಮನ ಮನೆ ನಮ್ಮ ಮನೆಯ ಎದುರಿಗೇ. ಅವಳ ಗಂಡ ದೇವೇಂದ್ರಪ್ಪನವರು ಕಾಳಿನ ವ್ಯಾಪಾರಸ್ಥರು. ಆ ಬೇಸಿಗೆಯಲ್ಲಿ ಒಂದು ಸುಂಕದ ನಾಕಾಕ್ಕೆ ಬೆಂಕಿ ಬಿತ್ತು. ಹಚ್ಚಿದವರಲ್ಲಿ ಅವರೂ ಇದ್ದರೆಂದು ಠಾಣೆಯವರು ಹುಡುಕುತ್ತಿದ್ದರು. ಸಿಕ್ಕರೆ ಗುಂಡು ಎಂಬುದು ಊರಿಗೆಲ್ಲ ಗೊತ್ತಿತ್ತು. ಎಲ್ಲಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಇಬ್ಬರನ್ನು ಬಿಟ್ಟು. ಒಬ್ಬಳು ಮಹಾಂತಮ್ಮ. ಇನ್ನೊಬ್ಬ ಬಳೆಗಾರ ಮೌಲಾಸಾಬ. ಊರೂರು ತಿರುಗಿ ಬಳೆ ಇಡಿಸುವವನನ್ನು ಯಾವ ನಾಕಾದವರೂ ತಡೆಯುತ್ತಿರಲಿಲ್ಲ. ಗಂಡನ ಸುದ್ದಿಯನ್ನು ಅವಳಿಗೆ ತಂದು ಮುಟ್ಟಿಸಿದವನು ಅವನೇ. ತೊಡೆಗೆ ಗುಂಡು ತಗುಲಿದೆ, ಕೃಷ್ಣೆಯನ್ನೇನೋ ದಾಟಿದ್ದಾರೆ, ಮುಂದೆ ತುಂಗಭದ್ರೆ ತುಂಬಿ ಹರಿಯುತ್ತಿದೆ, ಅದು ಇಳಿದರೆ ಕರ್ನೂಲಿನ ಕಡೆ ದಾಟಿಕೊಳ್ಳುತ್ತಾರೆ, ಆ ದಂಡೆ ಮುಟ್ಟಿದರೆ ನಿಜಾಮನ ಕೈ ಅಲ್ಲಿಗೆ ನಿಲುಕುವುದಿಲ್ಲ ಎಂದು. ಎರಡು ಹೊಳೆಗಳ ನಡುವೆ ಒಂದು ಹಾಳುಬಾವಿಯಲ್ಲಿ ದೇವೇಂದ್ರಪ್ಪನವರು ನೀರು ಇಳಿಯುವುದನ್ನು ಕಾಯುತ್ತ ಕೂತಿದ್ದರು.

ಮಹಾಂತಮ್ಮ ಒಮ್ಮೆ ಮೌಲಾಸಾಬನ ಜೊತೆ ಹೋಗಿ ಗಂಡನನ್ನು ನೋಡಿ ಬಂದಳು. ನಮಗೆ ನಾರಾಯಣಪೇಟೆಗೆ ಹೋಗಿದ್ದೆ ಎಂದಳು. ಬಂದ ಮೇಲೆ ಉಣ್ಣಲಾರಳು, ಕೂರಲಾರಳು. ಮರುದಿನ ಒಬ್ಬಳೇ ಮಠಕ್ಕೆ ಹೋದಳು. ಅಲ್ಲಿ ನಡೆದದ್ದನ್ನು ಎಷ್ಟೋ ದಿನದ ಮೇಲೆ ಅಯ್ಯನವರೇ ಅತ್ತುಕೊಂಡು ನನಗೆ ಹೇಳಿದರು. ಅವಳಿಗೆ ಕೈಲಾಸ ಬೇಡವಾಗಿತ್ತು. ನಿನ್ನ ಮನಸ್ಸು ಎಲ್ಲಿಗೆ ಹೋಗಬೇಕು ಅನ್ನುತ್ತದೋ ಅಲ್ಲಿಗೇ ಹೋಗು, ದಾರಿ ಹೇಳು, ನಾನು ಕೈ ಹಿಡಿದು ಕರೆದೊಯ್ಯುತ್ತೇನೆ ಎಂದರಂತೆ. ಅವಳು ಕಣ್ಣು ಮುಚ್ಚಿ ಹೇಳಿದಳು. ಊರಿನ ಹೆಸರು ಹೇಳಲಿಲ್ಲ, ಗಂಡನ ಹೆಸರಂತೂ ಎತ್ತಲೇ ಇಲ್ಲ. ಎರಡು ಬೊಡ್ಡೆಯ ಬೇವಿನ ಮರ, ಅದರ ಬುಡದಲ್ಲಿ ಬಾವಿ, ಹನ್ನೊಂದು ಮೆಟ್ಟಿಲು, ಪಾಚಿ ಕಟ್ಟಿದ ನೀರು, ಎಡಕ್ಕೆ ತಿರುಗಿದರೆ ಗೋಡೆಯೊಳಗೆ ಒಂದು ತಂಪಾದ ಕಲ್ಲುಕೋಣೆ. ಇಷ್ಟೇ. ಅಯ್ಯನವರು ಅವಳನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ಕೋಣೆ ಮುಟ್ಟಿದಾಗ ಅವಳ ಮುಖದ ಮೇಲೆ ಬಂದ ಕಳೆಯನ್ನು ತಾನು ಇಷ್ಟು ವರ್ಷದಲ್ಲಿ ಯಾರ ಮುಖದಲ್ಲೂ ಕಂಡಿರಲಿಲ್ಲ ಎಂದರು.

ಆ ಕಳೆಯನ್ನು ನಾನೂ ಕಂಡೆ. ಮುಂದಿನ ಮೂರು ದಿನ ಅವಳು ನಮ್ಮ ಜೊತೆ ಕೂತಳು, ಅಯ್ಯನವರು ಕೈಲಾಸ ಹೇಳುತ್ತಿದ್ದರೆ ಅವಳು ತನ್ನ ಪಾಡಿಗೆ ತಾನು ಬೇರೆಲ್ಲೋ ಇಳಿದುಬಿಡುತ್ತಿದ್ದಳು. ಗಂಡನ ತಲೆಯ ಮೇಲೆ ಕತ್ತಿ ತೂಗುತ್ತಿದ್ದರೂ ಇವಳ ಮುಖ ಮದುಮಗಳದು. ನೋಡಿರಿ, ಹೀಗೆ ಕೂರಬೇಕು ಎಂದು ಅಯ್ಯನವರು ನನ್ನ ಕಡೆ ತಿರುಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು.

ನಾಲ್ಕನೆಯ ದಿನ ಅವಳಿಗೆ ಜ್ವರ ಬಂತು, ಎಂಟು ದಿನ ಮಲಗಿದಳು. ಆ ಎಂಟು ದಿನದಲ್ಲಿ ಅಯ್ಯನವರು ತಮ್ಮ ಬದುಕಿನ ದೊಡ್ಡ ತಪ್ಪು ಮಾಡಿದರು. ಒಂದು ಮದ್ದು ಒಬ್ಬರಿಗೆ ನಾಟಿತೆಂದರೆ ಎಲ್ಲರಿಗೂ ಅದನ್ನೇ ಅರೆದು ಕೊಡುವ ಚಟ ಅವರದು. ಇದು ಮಹಾಂತಮ್ಮನಿಗೆ ಶಾಂತಿ ಕೊಟ್ಟ ದಾರಿ, ಅವಳ ಬಾಯಿಂದಲೇ ಬಂದದ್ದು ಎಂದು ಹೇಳಿ, ಕೈಲಾಸವನ್ನು ಬಿಟ್ಟು ನಮ್ಮನ್ನು ಆ ಬಾವಿಗೆ ಇಳಿಸತೊಡಗಿದರು. ಎರಡು ಬೊಡ್ಡೆಯ ಬೇವು, ಹನ್ನೊಂದು ಮೆಟ್ಟಿಲು, ಎಡಕ್ಕೆ ಕೋಣೆ. ಒಂದೊಂದೇ ಮೆಟ್ಟಿಲನ್ನು ನಮ್ಮ ಬಾಯಿಂದಲೇ ಎಣಿಸುತ್ತಿದ್ದರು. ಹಿಮ ಕಾಣದ ಹೆಂಗಸರಿಗೆ ಬಾವಿ ಕಾಣದೆ ಇರುತ್ತದೆಯೇ. ಎಲ್ಲರೂ ಇಳಿದರು, ಎಲ್ಲರಿಗೂ ಆ ಕೋಣೆಯಲ್ಲಿ ತಂಪು ಸಿಕ್ಕಿತು. ಆಶಮ್ಮ ಸತ್ತ ತಂಗಿಯನ್ನು ಅಲ್ಲಿ ಕಂಡು ಮಾತಾಡಿ ಬಂದಳು. ಅಲ್ಲಿ ನಿಜವಾಗಿ ಒಬ್ಬ ಗಾಯಾಳು ಕೂತಿದ್ದಾನೆ ಎಂದು ಅಯ್ಯನವರಿಗೆ ಗುಮಾನಿಯಾದರೂ ಇತ್ತೋ ಇಲ್ಲವೋ, ಇವತ್ತಿಗೂ ನಾನು ಹೇಳಲಾರೆ. ತಮ್ಮ ದನಿಯನ್ನು ತಾವೇ ಕೇಳುತ್ತ ಕೂತವರಿಗೆ ಬೇರೆ ಏನು ಕೇಳಿಸೀತು.

ನನಗೆ ಆಗಲೂ ಕತ್ತಲೆಯೇ. ಆದರೆ ಐದನೆಯ ದಿನ ಎಣಿಸುತ್ತ ಎಣಿಸುತ್ತ ಥಟ್ಟನೆ ಹೊಳೆಯಿತು. ಇದು ಧ್ಯಾನದಲ್ಲಿ ಕಂಡದ್ದಲ್ಲ, ಸುಮ್ಮನೆ ನೆನಪಾದದ್ದು. ನನ್ನ ತವರು ಧರೂರು. ಊರ ಹೊರಗೆ ಎರಡು ಬೊಡ್ಡೆಯ ಬೇವಿನ ಬುಡದಲ್ಲಿ ಒಂದು ಹಾಳುಬಾವಿ, ಅದಕ್ಕೆ ಹನ್ನೊಂದೇ ಮೆಟ್ಟಿಲು. ಹುಡುಗಿಯರಾಗಿದ್ದಾಗ ಅಲ್ಲಿ ಕಲ್ಲಾಟ ಆಡಿದ್ದೇವೆ. ಮಹಾಂತಮ್ಮನಿಗೆ ಕೃಷ್ಣೆಯ ಆಚೆ ನೆಂಟರಿಲ್ಲ, ಇಷ್ಟರಿಲ್ಲ. ಇವಳಿಗೆ ಆ ಬಾವಿ ಹೇಗೆ ಗೊತ್ತು? ಹಾಗೆ ಕೇಳಿಕೊಂಡ ಮೇಲೆ ಉಳಿದದ್ದನ್ನು ಹೇಳಿಕೊಡಲು ಯಾವ ಅಯ್ಯನವರೂ ಬೇಕಿರಲಿಲ್ಲ. ಅವಳ ಶಾಂತಿ ಶಿವನದಲ್ಲ, ಗಂಡನದು. ನನಗೆ ಸಂತೆ ಎಂದು ನಕ್ಕವಳ ಕಣ್ಣೊಳಗೆ ಒಂದು ಸಂಸಾರವೇ ಇತ್ತು.

ಮಧ್ಯಾಹ್ನ ನನ್ನ ಗಂಡ ಊಟಕ್ಕೆ ಬಂದ. ಅವನ ಹೆಸರು ಮಲ್ಲಣ್ಣ. ಆ ಕಾಲದಲ್ಲಿ ಗಂಡನ ಹೆಸರು ಹೇಳುತ್ತಿರಲಿಲ್ಲ, ಈಗ ಹೇಳಿದರೆ ಯಾರಿಗೇನು ನಷ್ಟ. ಅವನು ಠಾಣೆಯ ಕುದುರೆಗಳಿಗೆ ಮೇವು ಹಾಕುವ ಗುತ್ತೇದಾರ, ಠಾಣೆಯ ಅಧಿಕಾರಿ ಅಮೀನ ಸಾಹೇಬನ ಬಾಗಿಲಲ್ಲಿ ದಿನಾ ನಿಲ್ಲುವವನು. ರೊಟ್ಟಿ ಬಡಿಯುತ್ತ ನಾನು ಹೇಳಿದೆ.

"ದೇವೇಂದ್ರಪ್ಪನೋರು ನಮ್ಮ ಧರೂರಾಗ ಅದಾರ. ಬೇವಿನಮರದ ಹಾಳಬಾವ್ಯಾಗ."

ಯಾರು ಹೇಳಿದರೆಂದು ಅವನು ಕೇಳಲಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದ, ಕೈ ತೊಳೆದ, ರುಮಾಲು ಸುತ್ತಿಕೊಂಡು ಹೊರಟ. ಅನ್ನ ಬಿಟ್ಟೇಳುವ ಮನುಷ್ಯನಲ್ಲ ಅವನು. ಎಲ್ಲಿಗೆ ಹೊರಟ ಎಂದು ನನಗೆ ಗೊತ್ತಿತ್ತು. ಧರೂರು ಮುಟ್ಟಲು ಠಾಣೆಯವರಿಗೆ ಒಂದು ದಿನ ಬೇಕು ಎಂದೂ ಗೊತ್ತಿತ್ತು. ಎದುರು ಮನೆಗೆ ಹತ್ತು ಹೆಜ್ಜೆ. ಮೌಲಾಸಾಬ ಅವತ್ತು ಊರಲ್ಲೇ ಇದ್ದ, ಊರಬಾಗಿಲ ಅಗಸಿಯ ಬಳಿ ಬಳೆ ಇಡಿಸುತ್ತಿದ್ದ. ಹತ್ತು ಹೆಜ್ಜೆ ಹಾಕಿ ಒಂದು ಮಾತು ಹೇಳಿದ್ದರೆ ಅವನು ಅಡ್ಡದಾರಿ ಹಿಡಿದು ಅವರಿಗಿಂತ ಮೊದಲು ಮುಟ್ಟುತ್ತಿದ್ದ. ನಾನು ಉಳಿದ ಹಿಟ್ಟು ಒಣಗಬಾರದೆಂದು ಇನ್ನೆರಡು ರೊಟ್ಟಿ ಬಡಿದೆ.

ಮೂರನೆಯ ದಿನ ಸುದ್ದಿ ಬಂತು. ಬೇವಿನ ಮರದ ಸುತ್ತ ಪೊಲೀಸರೂ ರಜಾಕಾರರೂ ನಿಂತು, ಮೆಟ್ಟಿಲ ಮೇಲೆ ಹಸಿ ಸೊಪ್ಪು ಸುರಿದು ಹೊಗೆ ಹಾಕಿದ್ದರು. ಉಸಿರು ಕಟ್ಟಿ ತೆವಳಿಕೊಂಡು ಮೇಲೆ ಬಂದ ದೇವೇಂದ್ರಪ್ಪನವರನ್ನು ಐದನೆಯ ಮೆಟ್ಟಿಲ ಮೇಲೆ ಗುಂಡಿಟ್ಟು ಕೊಂದು ಹಾಗೆಯೇ ಬಿಟ್ಟು ಹೋಗಿದ್ದರು.

ಜ್ವರದ ಮೈಯಲ್ಲೇ ಮಹಾಂತಮ್ಮ ಹೋದಳು, ಮೌಲಾಸಾಬ ಕರೆದುಕೊಂಡು ಹೋದ. ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಅಂಗೈಯಲ್ಲಿ ಅವರ ಲಿಂಗವನ್ನಿಟ್ಟು. ಹೆಣ ಮೆಟ್ಟಿಲ ಮೇಲೆ ಉದ್ದಕ್ಕೆ ಚಾಚಿದಂತೆಯೇ ಸೆಟೆದುಹೋಗಿತ್ತು. ಧರೂರಿನವರು ಯಾರೂ ಹೆದರಿ ಹತ್ತಿರ ಬರಲಿಲ್ಲ. ಕುಣಿ ತೋಡಿದವನು ಮೌಲಾಸಾಬ. ಕೂರಿಸಲು ಮೊಣಕಾಲು ಮಡಿಸಬೇಕಾಗಿತ್ತು, ಅವಳ ಕೈಯಲ್ಲಿ ಆಗಲಿಲ್ಲ. ಅವನೇ ತನ್ನ ಮೊಣಕಾಲು ಊರಿ ಒತ್ತಿ ಮುರಿದು ಮಡಿಸಿದ. ಕರಡಿಗೆ ಬೆಳ್ಳಿಯದಾದ್ದರಿಂದ ಕೊಂದವರು ಲಿಂಗದ ಸಮೇತ ಕಿತ್ತುಕೊಂಡು ಹೋಗಿದ್ದರು. ಅಂಗೈಯಲ್ಲಿ ಒಂದು ಹಿಡಿ ವಿಭೂತಿ ಇಟ್ಟು ಮುಚ್ಚಿದರು.

ಚೌತಿ ಕಳೆದ ಮುಂದಿನ ವಾರ ಮಿಲಿಟರಿ ಬಂತು. ಐದು ದಿನದಲ್ಲಿ ನಿಜಾಮನ ರಾಜ್ಯ ಮುಗಿಯಿತು. ನಾನು ಹದಿನೈದು ಇಪ್ಪತ್ತು ದಿನ ಬಾಯಿ ಮುಚ್ಚಿಕೊಂಡಿದ್ದರೆ ದೇವೇಂದ್ರಪ್ಪನವರು ಕುಂಟಿಕೊಂಡಾದರೂ ಮನೆಗೆ ಬರುತ್ತಿದ್ದರು.

ರಜಾಕಾರರು ಓಡಿಹೋದರು. ಓಡಲು ಕಾರಣವೇ ಇಲ್ಲದವರು ಊರಲ್ಲಿ ಉಳಿದರು, ಜನ ಸಿಟ್ಟು ತೀರಿಸಿಕೊಂಡದ್ದು ಅವರ ಮೇಲೆ. ನನ್ನ ಗಂಡ ರುಮಾಲು ಬಿಚ್ಚಿಟ್ಟು ಬಿಳಿ ಟೋಪಿ ಹಾಕಿಕೊಂಡ. ಒಂದು ಮುಂಜಾನೆ ಅವನೇ ಮುಂದಾಗಿ ನಲವತ್ತು ಮಂದಿಯನ್ನು ಕಟ್ಟಿಕೊಂಡು ಮಹಾಂತಮ್ಮನ ಬಾಗಿಲಿಗೆ ಬಂದ. ದೇವೇಂದ್ರಪ್ಪನವರು ಇದ್ದ ಜಾಗ ಯಾರು ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ಅವಳು ಹೊಸ್ತಿಲ ಮೇಲೆ ಕೂತಿದ್ದಳು, ತಲೆ ಎತ್ತಲಿಲ್ಲ.

"ನನಗ, ಮೌಲಾಸಾಬಗ. ಮತ್ತ ಯಾರಿಗೂ ಗೊತ್ತಿದ್ದಿಲ್ಲ," ಎಂದಳು.

ಕೊಲ್ಲಿರಿ ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಗಸಿಯ ಬಳಿ ಅವನನ್ನು ಹಿಡಿದರು. ಅಟ್ಟದ ಕಿಂಡಿಯಿಂದ ನಾನು ನೋಡಿದೆ. ಮೊದಲ ಕಲ್ಲು ನನ್ನ ಗಂಡನದು. ಮೌಲಾಸಾಬ ಬಳೆಯ ಮಲಾರವನ್ನು ಎದೆಗೆ ಅವಚಿಕೊಂಡೇ ಬಿದ್ದ, ಅಮ್ಮನವರನ್ನು ಕೇಳಿರಿ, ಅಮ್ಮನವರನ್ನು ಕೇಳಿರಿ ಎನ್ನುತ್ತಿದ್ದ. ಅಮ್ಮನವರನ್ನು ಕೇಳಿಯೇ ಬಂದಿದ್ದರು. ನಾನು ಕಿಂಡಿಯಿಂದ ಒಂದು ಮಾತು ಕೂಗಿದ್ದರೆ ಆ ಕಲ್ಲುಗಳು ನನ್ನ ಮನೆಗೆ ಬೀಳುತ್ತಿದ್ದವು. ಕೂಗಲಿಲ್ಲ. ಅವನ ಹೆಂಡತಿ ಮಕ್ಕಳು ಆಮೇಲೆ ಎಲ್ಲಿ ಹೋದರೋ ಗೊತ್ತಿಲ್ಲ.

ಕಾರ್ತಿಕದ ಮೊದಲ ಸೋಮವಾರ ಮಠದಲ್ಲಿ ಮತ್ತೆ ಕೂತೆವು. ಕರಿಬಸಯ್ಯನವರು ಸೊರಗಿದ್ದರು. ಬಾವಿಯ ಮಾತು ಹೇಗೆ ಹೊರಗೆ ಬಿತ್ತೆಂದು ಅವರು ಒಳಗೊಳಗೇ ಲೆಕ್ಕ ಹಾಕಿದ್ದರು, ಬಾಯಿ ಬಿಟ್ಟಿರಲಿಲ್ಲ. ಮಹಾಂತಮ್ಮ ಬರುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಬಂದಳು, ಎಲ್ಲರ ನಡುವೆ ಕೂತಳು, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಅಯ್ನೋರ, ಅವತ್ತ ನನಗೊಬ್ಬಾಕಿಗೆ ಕರಕೊಂಡ ಹೋದ ಜಾಗಕ್ಕ ಇವತ್ತೂ ಕರಕೊಂಡ ಹೋಗರಿ. ಕಾಲು ಮುರಿಯೂಕಿಂತ ಮೊದಲ ಇದ್ದಂಗ ಅವರನ್ನ ಒಮ್ಮೆ ನೋಡಬೇಕು."

ಅಯ್ಯನವರು ಬೇರೆ ಜಾಗ ಹೇಳುತ್ತೇನೆ ಎಂದರು. ಅವಳು ಒಪ್ಪಲಿಲ್ಲ. ಕೊನೆಗೆ ಅವರು ಸಣ್ಣ ದನಿಯಲ್ಲಿ ಶುರು ಮಾಡಿದರು. ಬೇವಿನ ಮರ ಐತಿ, ಎರಡು ಬೊಡ್ಡಿ ಅದಾವ, ಬುಡದಾಗ ಬಾವಿ ಐತಿ ಎಂದರು. ಮೊದಲನೆಯ ಮೆಟ್ಟಿಲು ಎಂದರು. ಆಗ ಆಗಬಾರದ್ದು ಆಯಿತು. ಎಂಟು ದಿನದ ರೂಢಿ, ನಮ್ಮ ಬಾಯಿಗಳು ತಾವಾಗಿ ಎಣಿಸತೊಡಗಿದವು. ಎರಡು, ಮೂರು, ನಾಲ್ಕು. ಅಯ್ಯನವರು ಬೇಡ ಬೇಡ ಎಂದು ಕೈಯಾಡಿಸಿದರಂತೆ, ಕಣ್ಣು ಮುಚ್ಚಿದವರಿಗೆ ಅದು ಹೇಗೆ ಕಾಣಬೇಕು. ಒಂಬತ್ತು ಹೆಂಗಸರು ಒಂದೇ ದನಿಯಲ್ಲಿ ಅವಳ ಗಂಡ ಬಿದ್ದಿದ್ದ ಐದನೆಯ ಮೆಟ್ಟಿಲನ್ನೂ ದಾಟಿ ಎಣಿಸುತ್ತ ಇಳಿದು, ಯಾರೂ ಹೇಳದೆಯೇ ಹನ್ನೊಂದಕ್ಕೆ ನಿಂತೆವು.

ಆ ದಿನ ನನಗೆ ಕತ್ತಲೆ ಇರಲಿಲ್ಲ. ಮೊದಲ ಸಲ, ನನ್ನ ಆಣೆಗೂ ಮೊದಲ ಸಲ, ನನಗೆ ಕಂಡಿತು. ಪಾಚಿ ಕಂಡಿತು, ನೀರಿನ ವಾಸನೆ ಬಂತು. ಎಡಕ್ಕೆ ತಿರುಗಿದೆ. ಕೋಣೆಯ ಬಾಗಿಲ ಮಗ್ಗುಲಲ್ಲಿ ಗೋಡೆಯ ಕಲ್ಲಿನಲ್ಲಿ ಕೆತ್ತಿದ ಹೆಂಗಸು ನಿಂತಿದ್ದಳು, ಸೊಂಟದ ಮೇಲೆ ಕೂಸು. ನನ್ನ ಚಿಕ್ಕವನ ಮುಖ ಅಲ್ಲಿ ಕಾಣುತ್ತದೆ ಎಂದು ಬಗ್ಗಿ ನೋಡಿದೆ. ಆ ಕಲ್ಲುಕೂಸಿಗೆ ತಲೆ ಇರಲಿಲ್ಲ, ನಾವು ಹುಡುಗಿಯರಾಗಿದ್ದಾಗಲೂ ಇರಲಿಲ್ಲ. ಎದೆ ಒಡೆದುಹೋಯಿತು. ತಡೆಯಲಾರದೆ ಬಾಯಿ ಬಿಟ್ಟೆ.

"ಕೂಸಿಗಿ ತಲಿ ಇಲ್ಲ," ಎಂದೆ. "ಬಾಗಲ ಮಗ್ಗಲದ ಕಲ್ಲಿನ ಕೂಸಿಗಿ ತಲಿನ ಇಲ್ಲ."

ಕಣ್ಣು ಬಿಟ್ಟಾಗ ಮಹಾಂತಮ್ಮ ನನ್ನನ್ನೇ ನೋಡುತ್ತಿದ್ದಳು.

"ಆ ಕಲ್ಲಿನ ಮಾತು ನಾ ಅಯ್ನೋರಿಗೆ ಹೇಳಿಲ್ಲ," ಎಂದಳು. "ನಿನ್ನ ತವರು ಧರೂರಲ್ಲಾ?"

ಹೌದೆಂದೆ. ಯಾರಿಗೆ ಹೇಳಿದೆ ಎಂದು ಕೇಳಿದಳು. ನಮ್ಮ ಮನೆಯವರಿಗೆ ಎಂದೆ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಅಯ್ಯನವರು ಅವಳ ಕಾಲ ಮೇಲೆ ಬಿದ್ದು ತಪ್ಪು ತಮ್ಮದು ಎಂದು ಅಳತೊಡಗಿದರು. ಅವಳು ಅವರನ್ನು ನೋಡಲೂ ಇಲ್ಲ. ಅವಳ ತುಟಿಗಳು ಆಡುತ್ತಿದ್ದವು. ಮೌಲಾಸಾಬನ ಹೆಸರನ್ನು ಸದ್ದಿಲ್ಲದೆ ಎರಡು ಮೂರು ಸಲ ಅಂದುಕೊಂಡಳು. ತಾನೇ ಹೇಳಿ ಕೊಲ್ಲಿಸಿದ ಹೆಸರು ಅದು. ಹೆಣದ ಮೊಣಕಾಲು ಒತ್ತಿದವನನ್ನು ತಾನೇ ಜನರ ಕೈಗೆ ಕೊಟ್ಟಿದ್ದಳು. ನನ್ನನ್ನು ಊರಿಗೆ ಹಿಡಿದುಕೊಟ್ಟರೆ ಅದನ್ನೂ ಊರಿಗೆ ಹೇಳಬೇಕಾಗುತ್ತಿತ್ತು.

ಅವಳು ಸರಿದು ಬಂದು ನನ್ನ ಮುಂದೆ ಕೂತಳು. ಅಂಗೈಯಿಂದ ನನ್ನ ಎರಡೂ ಕಣ್ಣು ಮುಚ್ಚಿದಳು. ಕೈ ತಣ್ಣಗಿತ್ತು. ದನಿ ಅಯ್ಯನವರ ದನಿಗಿಂತ ಮೆತ್ತಗಿತ್ತು.

"ಇಳಿ ವೀರಬಸಮ್ಮಾ. ಹನ್ನೊಂದು ಮೆಟ್ಟಲ ಇಳಿ. ಎಡಕ್ಕ ತಿರುಗು. ಒಳಗ ಇಬ್ಬರು ಕುಂತಾರ, ನಮ್ಮೋರು, ಬಳೆಗಾರ. ಅವರ ನಡಕ ಕುಂದರು. ನಾ ಕರಿಯೋತನ ಮ್ಯಾಲ ಬರಬ್ಯಾಡ."

ಹಾಗೆಂದು ಕೈ ತೆಗೆದು, ಲಿಂಗವನ್ನು ಕರಡಿಗೆಗೆ ಹಾಕಿ, ಎದ್ದು ಮನೆಗೆ ಹೋದಳು. ಆ ಮಾತು ಮಠದ ಹೊರಗೆ ಹೋಗಲಿಲ್ಲ. ಎಂಟು ದಿನ ಬಾವಿ ಇಳಿದವರಲ್ಲಿ ಯಾರಿಗೂ ಅದನ್ನು ಹೊರಗೆ ಹೇಳುವ ಮುಖವಿರಲಿಲ್ಲ. ಅಯ್ಯನವರು ಗದ್ವಾಲಿನ ಕಡೆ ಹೋದರು, ಅಲ್ಲಿ ಹೊಸ ಹೆಂಗಸರನ್ನು ಕೂರಿಸಿಕೊಂಡು ಮತ್ತೆ ಕೈಲಾಸ ಹೇಳುತ್ತಿದ್ದರೆಂದು ಕೇಳಿದೆ. ನನ್ನ ಗಂಡ ಊರಿನ ದೊಡ್ಡ ಮನುಷ್ಯನಾಗಿ, ಹಾರ ಹಾಕಿಸಿಕೊಂಡು, ಹಾಸಿಗೆಯ ಮೇಲೆ ಸುಖವಾಗಿ ಸತ್ತ.

ಮಹಾಂತಮ್ಮ ಎದುರು ಮನೆಯಲ್ಲೇ ಇದ್ದಳು. ಮೂವತ್ತೊಂದು ವರ್ಷ. ಹೆಪ್ಪಿಗೆ ಮಜ್ಜಿಗೆ ಬೇಡಿದರೆ ಕೊಡುತ್ತಿದ್ದಳು, ನನಗೆ ಜಡ್ಡಾದಾಗ ಗಂಜಿ ಕಳಿಸಿದಳು. ಒಂದು ಬಿರುಸು ಮಾತು ಆಡಲಿಲ್ಲ, ಆಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಸಾಕು, ನಾನು ಅಲ್ಲೇ ಇರುತ್ತಿದ್ದೆ. ಪಾಚಿ, ತಂಪು, ಆ ಕಡೆ ಈ ಕಡೆ ಒಬ್ಬೊಬ್ಬರು. ಇಬ್ಬರೂ ನನ್ನ ಜೊತೆ ಮಾತಾಡುವುದಿಲ್ಲ.

ಅವಳ ಕೊನೆಯ ದಿನ ನಾನೇ ಹೋಗಿ ಹಾಸಿಗೆಯ ಬದಿಗೆ ಕೂತೆ. ಬಾಯಿಗೆ ಎರಡು ಹನಿ ನೀರು ಬಿಟ್ಟೆ, ನುಂಗಿದಳು. ಯಾರೂ ಇಲ್ಲದ ಹೊತ್ತು ನೋಡಿ ಅವಳ ಕಿವಿಯ ಹತ್ತಿರ ಬಗ್ಗಿದೆ. ಕೈ ಮುಗಿದು, ಇನ್ನಾದರೂ ಮ್ಯಾಲ ಕರಿ ಯವ್ವಾ ಎಂದೆ.

ಅವಳಿಗೆ ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು.

"ಇನ್ನಾ ಅಲ್ಲೇ ಅದಿಯೇನ?" ಎಂದಳು.

ಅಲ್ಲೇ ಇದ್ದೇನೆ ಎಂದೆ.

"ಇರು," ಎಂದಳು.